ಬಾಡಿಗೆ ಮನೆಗಳಲ್ಲಿ ನಮಗಿಂತ ಮೊದಲೇ ಇದ್ದವರು

ಮನೆ ಖಾಲಿ ಇದೆ ಎಂದು ಮಾಲಕರು ಹೇಳುತ್ತಾರೆ. ಆದರೆ ಪೂರ್ತಿ ಖಾಲಿ ಇರುವ ಬಾಡಿಗೆ ಮನೆ ಯಾರಿಗೂ ಸಿಗುವುದಿಲ್ಲ, ನಮಗಂತೂ ಇಲ್ಲಿಯವರೆಗೆ ಸಿಕ್ಕಿಲ್ಲ. ಊರು ಬದಲಾದಂತೆಲ್ಲ ಒಳಗೆ ಮೊದಲೇ ಇದ್ದವರೂ ಬದಲಾಗುತ್ತ ಬಂದರು, ಅಷ್ಟೇ.

ನಾನು ದನದ ದವಾಖಾನೆಯಲ್ಲಿ ಪರೀಕ್ಷಕ. ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಜನ ನನ್ನನ್ನು ಡಾಕ್ಟರೆಂದೇ ಕರೆಯುತ್ತಾರೆ. ಮುಂದೆ ಯಾರಾದರೂ ಹಾಗೆ ಕರೆದರೆ ಓದುವವರು ತಪ್ಪು ತಿಳಿಯಬಾರದೆಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಈ ನೌಕರಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗ ಆಗುತ್ತಲೇ ಬಂತು. ನಾನು, ಹೆಂಡತಿ, ನಮ್ಮ ಅವ್ವ, ಮಗಳು, ಇಷ್ಟೇ ನಮ್ಮ ಸಂಸಾರ.

ಮಗಳಿಗೆ ಮಾತು ಬಂದಾಗ ನಾವು ಇಂಡಿಯಲ್ಲಿದ್ದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ತನ್ನ ಚಪ್ಪಲಿ ತಾನೇ ಹಾಕಿಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. "ಸಾಕು, ನಡೀರಿ. ಇನ್ನ ಮನಿಗೆ ಹೋಗೂಣು" ಎನ್ನುತ್ತಿದ್ದಳು. "ಇದ ಮನಿ ಅಲ್ಲೇನವಾ?" ಎಂದರೆ ತಲೆ ಅಲ್ಲಾಡಿಸುವಳು. "ಮತ್ತ ನಮ್ಮನಿ ಎಲ್ಲೈತಿ?" ಎಂದರೆ ಕತ್ತಲಾಗುತ್ತಿರುವ ಓಣಿಯ ಕಡೆ ಬೆರಳು ತೋರಿಸುವಳು. ಆ ಕಡೆ ಏನೂ ಇರಲಿಲ್ಲ, ಒಂದು ಜಾಲಿಕಂಟಿ ಬಿಟ್ಟರೆ. ಆ ಮನೆ ಬಿಟ್ಟು ಬೇರೆ ಮನೆಯನ್ನು ಅವಳು ಕಂಡೇ ಇರಲಿಲ್ಲ ಎಂಬುದನ್ನು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಹೆಂಡತಿಗೆ ಭಯಕ್ಕಿಂತ ಸಂಕಟವೇ ಹೆಚ್ಚು. "ಈ ಹುಡುಗಿ ಬಾಯಾಗ ಒಂದ ಸಲರ ನಮ್ಮನಿ ಅಂತ ಬರಬೇಕು. ಬರಲಿಲ್ಲಾ, ಇಕಿನ್ನ ಕರ್ಕೊಂಡು ತಾಂಬಾಕ್ಕ ಹೋಗಿ ಅಲ್ಲೇ ಸಾಲಿಗೆ ಹಾಕ್ತೇನಿ. ನೀವು ದನಾ ನೋಡಕೋತ ಊರೂರು ತಿರಗ್ರಿ" ಎಂದಳು. ತಾಂಬಾ ಅವಳ ತವರು. ಅಲ್ಲಿಗೆ ಹೋದ ನನ್ನ ಹೆಂಡತಿಯನ್ನು ತಿರುಗಿ ಕರೆತರುವುದು ಸುಲಭವಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಇಂಡಿ: ಕೀಲಿ ಹಾಕಿದ ಕೋಣೆ

ಇಂಡಿಯ ಮನೆಯಲ್ಲಿ ಒಂದು ಕೋಣೆಗೆ ಯಾವಾಗಲೂ ಕೀಲಿ. "ಅದ್ರಾಗ ನಮ್ಮ ಹಳೇ ಸಾಮಾನ ಐತ್ರಿ, ಅದರ ಗೊಡವಿ ನಿಮಗ ಬ್ಯಾಡ" ಎಂದು ಮಾಲಕರು ಮೊದಲೇ ಹೇಳಿದ್ದರು. ನಾವೂ ಒಪ್ಪಿದ್ದೆವು.

ನಮ್ಮ ಅವ್ವನಿಗೆ ಒಂದು ರೂಢಿ ಇದೆ. ಎಲ್ಲರೂ ಹೊರಗೆ ಹೊರಟಾಗ, ಒಳಗೆ ಯಾರೂ ಇಲ್ಲದಿದ್ದರೂ, ಮನೆಗೆ ಹೇಳಿಯೇ ಹೋಗಬೇಕು. ಹೇಳದೆ ಹೋದರೆ ಮನೆ ನಮ್ಮನ್ನು ಮರೆತುಬಿಡುತ್ತದಂತೆ. ಒಂದು ಮಧ್ಯಾಹ್ನ ನಾವು ಸಂತೆಗೆ ಹೊರಟೆವು. ಅವ್ವ ಬಾಗಿಲು ಎಳೆದುಕೊಂಡು, "ಹೋಗಿ ಬರ್ತೇವಿ" ಎಂದಳು.

"ಹೂಂ, ಲಗೂನ ಬರ್ರಿ" ಎಂದು ಒಳಗಿನಿಂದ ಕೇಳಿತು.

ಗಂಡಸಿನ ದನಿ, ವಯಸ್ಸಾದದ್ದು. ನಾವೆಲ್ಲ ಹೊರಗೇ ಇದ್ದೇವೆಯೇ ಎಂದು ನಾನು ಒಬ್ಬೊಬ್ಬರನ್ನೇ ನೋಡಿದೆ. ಎಲ್ಲರೂ ಹೊರಗೇ ಇದ್ದೆವು. ಬಿಸಿಲು ಧಗಧಗ ಎನ್ನುತ್ತಿತ್ತು, ಆದರೆ ನನ್ನ ಕೈಯಲ್ಲಿದ್ದ ಕೀಲಿ ತಣ್ಣಗಾದಂತೆ ಅನ್ನಿಸಿತು. ಅವ್ವ ಮಾತ್ರ ಶಾಂತವಾಗಿ, "ನೋಡು, ಮನಿ ಮಾತಾಡ್ತು" ಎಂದಳು.

ಹೆಂಡತಿ ಬಾಗಿಲಿಗೆ ಕಿವಿ ಹಚ್ಚಿ ಕೇಳಿದಳು. "ಅತ್ತಿ, ಮನಿ ಈಗ ಕೆಮ್ಮಾಕತ್ತೈತ್ರಿ."

ಮಾಲಕರಿಗೆ ಫೋನು ಮಾಡಿದೆ. ಅವರು ಬಂದು ಆ ಕೋಣೆ ತೆಗೆದರು. ಒಳಗೆ ಹೊರಸಿನ ಮೇಲೆ ಅವರ ಕಾಕಾ ಅಂಗಿ ಬಿಚ್ಚಿ ಮಲಗಿದ್ದರು. ಆ ಕೋಣೆಗೆ ಹಿಂದಿನ ಸಂದಿಯಿಂದ ಇನ್ನೊಂದು ಬಾಗಿಲು ಇತ್ತು. ಅಲ್ಲಿ ತಂಪು ಹೆಚ್ಚೆಂದು ದಿನಾ ಊಟವಾದ ಮೇಲೆ ಅವರು ಆ ಬಾಗಿಲಿನಿಂದ ಬಂದು ಮಲಗುತ್ತಿದ್ದರಂತೆ, ನಮಗೆ ಗೊತ್ತೇ ಇರಲಿಲ್ಲ.

"ಅಜ್ಜಾರ, ನೀವು ಉತ್ತರಾ ಯಾಕ ಕೊಟ್ರಿ?" ಎಂದೆ.

"ನಿಮ್ಮ ತಾಯಿ ಯಾವಾಗಲೂ ಹೇಳಿ ಹೋಗ್ತಾರ. ಹೇಳಿ ಹೋಗೋರಿಗೆ ಹೂಂ ಅನದ ಸುಮ್ಮನ ಹ್ಯಾಂಗ ಇರೂದ್ರಿ? ನಾವು ಹಂತಾ ಮಂದಿ ಅಲ್ಲ."

ಮಾಲಕರು ಮುಖ ಸಣ್ಣದು ಮಾಡಿಕೊಂಡು ನನಗಷ್ಟೇ ಕೇಳುವಂತೆ ಹೇಳಿದರು: "ನಾ ಮೊದಲ ಹೇಳಿದ್ನೆಲ್ರಿ, ಹಳೇ ಸಾಮಾನ ಐತಿ ಅಂತ."

ಸಿಂದಗಿ: ಗೋಡೆಯ ಮೇಲಿನಾಕೆ

ಸಿಂದಗಿಯ ಮನೆಯ ಪಡಸಾಲೆಯಲ್ಲಿ ಮಾಲಕರ ತೀರಿಕೊಂಡ ತಾಯಿಯ ಫೋಟೋ ಇತ್ತು. ಅದನ್ನು ತೆಗೆಯಬಾರದು, ಜರುಗಿಸಬಾರದು, ಅದರ ಮುಂದಿನ ಸಣ್ಣ ಕೆಂಪು ದೀಪ ಆರಿಸಬಾರದು. "ಈ ಮನಿ ಅಕಿದ್ರಿ" ಎಂದಿದ್ದರು ಮಾಲಕರು. ಸಂಜೆ ಆ ಕೆಂಪು ಬೆಳಕಿನಲ್ಲಿ ಫೋಟೋದ ಕಣ್ಣು ನಾವು ಹೋದ ಕಡೆಗೆಲ್ಲ ತಿರುಗಿದಂತೆ ಕಾಣುತ್ತಿತ್ತು. ಹಾಲು ಉಕ್ಕಿದರೆ ನನ್ನ ಹೆಂಡತಿ ಮೊದಲು ಫೋಟೋದ ಕಡೆ ನೋಡುವಳು, ಆಮೇಲೆ ನಮ್ಮ ಅವ್ವನ ಕಡೆ. ಮಗಳು ಬಿಸ್ಕೀಟು ಬೇಕಾದರೆ ಫೋಟೋವನ್ನೇ ಕೇಳುತ್ತಿದ್ದಳು. ಕೇಳಿ, ಸ್ವಲ್ಪ ಹೊತ್ತು ಕಾದು, "ಹೂಂ ಅಂದ್ಳು" ಎಂದು ನಮಗೆ ಹೇಳಿ ಡಬ್ಬಿ ತೆಗೆಯುತ್ತಿದ್ದಳು. ಇದು ತಮಾಷೆಯೋ ಅಲ್ಲವೋ ನಮಗೆ ತಿಳಿಯುತ್ತಿರಲಿಲ್ಲ.

ಇಲ್ಲಿ ಒಂದು ವಿವರ ಕೊಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಫೋಟೋದಾಕೆಗೆ ಇಳಕಲ್ ಸೀರೆ, ತಲೆ ಮೇಲೆ ಸೆರಗು, ಹಣೆ ತುಂಬ ವಿಭೂತಿ. ನಮ್ಮ ಅವ್ವನಿಗೂ ಇಳಕಲ್ ಸೀರೆ, ತಲೆ ಮೇಲೆ ಸೆರಗು, ಹಣೆ ತುಂಬ ವಿಭೂತಿ. ಮಬ್ಬು ಫೋಟೋದಲ್ಲಿ ಅಷ್ಟು ಇದ್ದರೆ ಸಾಕು, ನಮ್ಮ ಕಡೆಯ ಹಿರಿಯ ಹೆಂಗಸರೆಲ್ಲ ಒಂದೇ ತರಹ ಕಾಣುತ್ತಾರೆ.

ಹೊಸದಾಗಿ ಬಂದಿದ್ದ ಗ್ಯಾಸಿನವನು ಸಿಲಿಂಡರ್ ಇಳಿಸಿ ಬೆವರು ಒರೆಸಿಕೊಳ್ಳುತ್ತ ನೀರು ಕೇಳಿದ. ಹಾಗೆಯೇ ಫೋಟೋ ನೋಡಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದು, "ಪಾಪ, ತಾಯಾರೇನ್ರಿ?" ಎಂದ. ಅದು ನಮ್ಮ ತಾಯಿಯದಲ್ಲ, ಮನೆಯ ಮಾಲಕರ ತಾಯಿಯದು, ಬಾಡಿಗೆಗೆ ಕೊಡುವಾಗಲೇ ಹೀಗೆ ಕರಾರು ಆಗಿದೆ ಎಂದು ನಾನು ವಿವರವಾಗಿ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ನಮ್ಮ ಅವ್ವ ತಂಬಿಗೆ ತುಂಬ ನೀರು ಹಿಡಿದು ಕತ್ತಲೆಯ ಅಡುಗೆಮನೆಯಿಂದ ಹೊರಗೆ ಬಂದಳು.

ಅವನು ಕೂಗಲಿಲ್ಲ. ಅವ್ವನನ್ನೇ ನೋಡುತ್ತ ಹಿಂದಕ್ಕೆ ಹಿಂದಕ್ಕೆ ನಡೆದು ಗೇಟು ದಾಟಿದ. ಟೊಪ್ಪಿಗೆ ನಮ್ಮಲ್ಲೇ ಉಳಿಯಿತು.

ಮುಂದಿನ ಸಲ ಸಿಲಿಂಡರ್ ತಂದಾಗ ಗೇಟಿನ ಹೊರಗೇ ನಿಂತು ಕೂಗಿದ: "ಡಾಕ್ಟ್ರ, ಅವ್ವಾರು ಈಗ ಒಳಗ ಅದಾರೋ, ಗ್ವಾಡಿ ಮ್ಯಾಲ ಅದಾರೋ?"

ನಾನು ಉತ್ತರಿಸುವ ಮೊದಲೇ ಅವ್ವ ಒಳಗಿನಿಂದ ಅಂದಳು: "ಗ್ವಾಡಿ ಮ್ಯಾಲಿನಾಕಿ ಚಹಾ ಕೊಡಂಗಿಲ್ಲಪಾ. ಒಳಗಿನಾಕಿ ಕೊಡ್ತಾಳ, ಬಾ."

ಮುದ್ದೇಬಿಹಾಳ: ದೀಪ ಕಾಯುವ ಕೆಲಸ

ಹೊಸ ಮನೆಗೆ ಸಾಮಾನು ಬರುವ ಮೊದಲು ಒಂದು ಕೊಡ ನೀರು, ಒಂದಿಷ್ಟು ಜೋಳ, ಉಪ್ಪು ಇಟ್ಟು ದೀಪ ಹಚ್ಚಬೇಕೆಂಬುದು ಅವ್ವನ ಪದ್ಧತಿ. ಹಚ್ಚಿದ ದೀಪವನ್ನು ಒಂಟಿಯಾಗಿ ಬಿಡಬಾರದು, ಮನೆಯವರು ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ಮುದ್ದೇಬಿಹಾಳದಲ್ಲಿ ಆ ಕೆಲಸ ನನಗೆ ಬಂತು. ನಾನು ಮುಂದೆ ಹೋಗಿ ದೀಪ ಹಚ್ಚಿ ಕೂತೆ. ಸಾಮಾನು ಮತ್ತು ಮನೆಯವರು ಹಿಂದಿನಿಂದ ಗಾಡಿಯಲ್ಲಿ ಬರಬೇಕಿತ್ತು. ಗಾಡಿ ದೇವರ ಹಿಪ್ಪರಗಿ ದಾಟುವ ಮೊದಲೇ ಕೆಟ್ಟು ನಿಂತಿತು.

ಆ ಮನೆ ಬಹಳ ದಿನದಿಂದ ಮುಚ್ಚಿತ್ತು. ಇದು ನನಗೆ ಗೊತ್ತಿತ್ತು. ಯಾಕೆ ಮುಚ್ಚಿತ್ತು, ಓಣಿಯವರು ಅದರ ಬಗ್ಗೆ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದು ಗೊತ್ತಿರಲಿಲ್ಲ. ಗಾಳಿಗೆ ದೀಪ ಆರದಿರಲೆಂದು ಬಾಗಿಲು ಮುಂದಕ್ಕೆಳೆದುಕೊಂಡು, ಬಿಳಿ ಅಂಗಿ ತೊಟ್ಟು, ಬರಿಯ ನೆಲದ ಮೇಲೆ ಸುಮ್ಮನೆ ಕೂತಿದ್ದೆ. ಕಿಟಕಿಯಲ್ಲಿ ಒಂದು ಮುಖ ಕಂಡಿತು. ಹೊಸ ಓಣಿ, ಪರಿಚಯ ಬೆಳೆಸಬೇಕು ಎಂದು ನಾನು ನಕ್ಕೆ. ಮುಖ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಬೇರೆ ಮುಖಗಳು ಬಂದವು. ಕೈ ಮುಗಿದೆ. ಅವೂ ಮಾಯವಾದವು. ಆಮೇಲೆ ಓಣಿಯಲ್ಲಿ ಒಂದು ಸಪ್ಪಳವೂ ಇಲ್ಲ, ನಾಯಿ ಸಹ ಬೊಗಳಲಿಲ್ಲ.

ಹೊತ್ತು ಇಳಿಯುವಾಗ ಹೊಸ್ತಿಲ ಹೊರಗೆ ಏನೋ ಇಟ್ಟ ಸಪ್ಪಳವಾಯಿತು. ಬಾಗಿಲು ತೆಗೆದರೆ ಯಾರೂ ಇಲ್ಲ. ಒಂದು ತಾಟಿನಲ್ಲಿ ಮೊಸರನ್ನ, ರೊಟ್ಟಿ, ಅರ್ಧ ಲಿಂಬೆಹಣ್ಣು, ಅದರ ಮೇಲೆ ಕುಂಕುಮ. ಎಂಥ ಒಳ್ಳೆಯ ಜನ ಎಂದುಕೊಂಡೆ. ಹಸಿವಾಗಿತ್ತು. ಕುಂಕುಮ ಒರೆಸಿ ಲಿಂಬೆ ಹಿಂಡಿಕೊಂಡು ಎಲ್ಲವನ್ನೂ ಉಂಡು, ತಾಟು ತೊಳೆದು ಹೊಸ್ತಿಲ ಹತ್ತಿರವೇ ಬೋರಲು ಹಾಕಿದೆ. ಎದುರು ಮನೆಯ ಬಾಗಿಲ ಸಂದಿಯಿಂದ ಯಾರೋ "ಉಂಡತು" ಎಂದದ್ದು ಕೇಳಿಸಿತು. "ಉಂಡರು" ಎನ್ನದೆ "ಉಂಡತು" ಎಂದರು, ನನಗೆ ಸ್ವಲ್ಪ ಬೇಸರವಾಯಿತು.

ಕತ್ತಲಾಗುವ ಮೊದಲು ಗಾಡಿ ಬಂತು. ಎದುರು ಮನೆಯ ಹೆಂಗಸು ಕೊಡ ಹಿಡಿದು ಬಂದು, "ಕಾಲು ತೊಳಕೋರಿ ಅಣ್ಣಾರ" ಎಂದು ತಾನೇ ನೀರು ಹಾಕಿದಳು. ಬಗ್ಗಿ ಬಗ್ಗಿ ನನ್ನ ಪಾದಗಳನ್ನೇ ನೋಡುತ್ತಿದ್ದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎನ್ನುತ್ತಾರಲ್ಲ, ಅದನ್ನು ಪರೀಕ್ಷೆ ಮಾಡುತ್ತಿದ್ದಳು. ಕೊನೆಗೆ ಸೆಟೆದು ನಿಂತು ಓಣಿಗೆಲ್ಲ ಕೇಳುವಂತೆ, "ಕಾಲು ನೆಟ್ಟಗ ಅದಾವ" ಎಂದಳು. ಆಮೇಲೆ ನನಗೆ ಹೇಳಿದಳು: "ಹಂಗಾರ ನಮ್ಮ ತಾಟ ತಿರಗಿ ಕೊಡ್ರಿ."

ಬಾಗೇವಾಡಿ: ಅಂಗಳ

ಮುದ್ದೇಬಿಹಾಳದ ಶಾಲೆಯಲ್ಲಿ ಪಾಠ ಹೇಳುವ ಬಾಯಾರು ಮಗಳಿಗೆ, "ನಿಮ್ಮನಿ ಎಲ್ಲೈತಿ?" ಎಂದು ಕೇಳಿದರಂತೆ. ಅವಳು, "ನಮಗ ಮನಿ ಇಲ್ರಿ, ಮನಿ ಮಾಲಕರು ಅದಾರ" ಎಂದಳಂತೆ. ಅದನ್ನು ಕೇಳಿದ ದಿನ ಹೆಂಡತಿ ಊಟ ಮಾಡಲಿಲ್ಲ. ಬಸವನ ಬಾಗೇವಾಡಿಗೆ ವರ್ಗವಾದಾಗ ಅವಳು, "ಇದು ಕಡೀ ಮನಿ" ಎಂದಳು. ಹೊಸ ಮನೆಗೆ ಬಂದ ಮೇಲೂ ಮಗಳ ಬಟ್ಟೆಯ ಚೀಲ ಬಿಚ್ಚದೆ ಬಾಗಿಲ ಪಕ್ಕದಲ್ಲೇ ಇಟ್ಟಳು. ಬಾಗೇವಾಡಿಯಿಂದ ತಾಂಬಾ ಬಹಳ ದೂರವಿಲ್ಲ.

ಈ ಮನೆಯಲ್ಲಿ ಕೀಲಿ ಹಾಕಿದ ಕೋಣೆ ಇರಲಿಲ್ಲ, ಫೋಟೋ ಇರಲಿಲ್ಲ. ಮೊದಲ ದಿನವೇ ನಾನು ಬರಿಗಾಲಲ್ಲಿ ಓಣಿ ತುಂಬ ಓಡಾಡಿ ಬಂದೆ. ಎಲ್ಲ ಸರಿಯಿದೆ ಎಂದುಕೊಂಡೆವು. ಮರುದಿನ ಬೆಳಿಗ್ಗೆ ಹೆಂಡತಿ ಕಸಬರಿಗೆ ಹಿಡಿದು ಹೊರಗೆ ಹೋದವಳು ಹಾಗೆಯೇ ಒಳಗೆ ಬಂದಳು.

"ಅಂಗಳಾ ಯಾರೋ ಮಾಡ್ಯಾರ."

ಹೋಗಿ ನೋಡಿದೆ. ಕಸ ಹೊಡೆದು, ನೀರು ಹಾಕಿ, ರಂಗೋಲಿ ಬಿಡಿಸಿತ್ತು. ಮಣ್ಣು ಇನ್ನೂ ಹಸಿ. ನಮ್ಮ ಕಡೆ ಈ ಕೆಲಸವನ್ನು ಮನೆಯ ಹೆಂಗಸೇ ಮಾಡುತ್ತಾಳೆ, ಬೇರೆಯವರ ಅಂಗಳಕ್ಕೆ ಯಾರೂ ಕೈ ಹಚ್ಚುವುದಿಲ್ಲ. ರಂಗೋಲಿಯ ನಡುವೆ ಸಣ್ಣ ಸಣ್ಣ ಪಾದಗಳಿದ್ದವು, ಎಲ್ಲವೂ ಹೊಸ್ತಿಲ ಕಡೆ ಮುಖ ಮಾಡಿದ್ದವು. ಒಳಗೆ ಬಂದ ಗುರುತು ಇತ್ತು, ಹೊರಗೆ ಹೋದ ಗುರುತು ಇರಲಿಲ್ಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ. "ಈ ಮನಿ ಸೊಸಿ ಯಾರೋ ಇನ್ನೂ ಹೋಗಿಲ್ಲ" ಎಂದಳು ಅವ್ವ. ಹೆಂಡತಿ ಬಹಳ ಹೆದರಿದ್ದಳು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೆದರಿಕೆಯ ಆ ದಿನಗಳಲ್ಲಿ ಅವಳು ಮೊದಲಿಗಿಂತ ತಡವಾಗಿ ಏಳುತ್ತಿದ್ದಳು.

ಮಗಳು ದಿನಾ ಬೆಳಿಗ್ಗೆ ಆ ರಂಗೋಲಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಒಂದು ದಿನ ತಾನೇ ತೀರ್ಪು ಕೊಟ್ಟಳು. "ಯಾರು ರಂಗೋಲಿ ಹಾಕ್ತಾರೋ, ಇದು ಅವರ ಮನಿ."

ಹೆಂಡತಿಗೆ ಅದು ನಾಟಿತು. "ನಾಳೆ ಎದ್ದು ನೋಡೇಬಿಡೂಣು" ಎಂದಳು. "ಮನಷ್ಯಾರಾದ್ರ ಮಾತಾಡೂಣು. ಅಲ್ಲಾ ಅಂದ್ರ ನಾನು, ಇಕಿ ಇಬ್ರೂ ನಾಳಿನ ಮೊದಲನೇ ಬಸ್ಸಿಗೆ ತಾಂಬಾಕ್ಕ."

ಬೆಳಕು ಹರಿಯುವ ಮೊದಲೇ ಎಲ್ಲರೂ ಕಿಟಕಿಯ ಹಿಂದೆ ಸೇರಿದೆವು. ಅವ್ವ ನನ್ನ ತೋಳು ಹಿಡಿದಿದ್ದಳು, ಅಥವಾ ನಾನು ಅವಳದನ್ನು ಹಿಡಿದಿದ್ದೆ. ಆಕಾಶ ಬೂದಿಯ ಬಣ್ಣಕ್ಕೆ ಬರುವಾಗ ಗೇಟಿನ ಚಿಲಕ ಸರಿಯಿತು. ಎತ್ತರದ ಒಬ್ಬ ಮುದುಕಿ ಒಳಗೆ ಬಂದಳು. ಮನೆಯ ಕಡೆ ನೋಡಲಿಲ್ಲ. ನಿದ್ದೆಯಲ್ಲಿ ನಡೆಯುವವಳ ಹಾಗೆ ಬಂದು, ಬಗ್ಗಿ, ಬೆರಳ ಸಂದಿಯಿಂದ ರಂಗೋಲಿ ಬಿಡತೊಡಗಿದಳು. ಕೈ ತಾನೇ ತಾನಾಗಿ ಓಡುತ್ತಿತ್ತು. ಅವ್ವ ದೇವರ ಹೆಸರು ಹೇಳತೊಡಗಿದಳು. ಹೆಂಡತಿ ಬಾಗಿಲ ಪಕ್ಕದ ಚೀಲದ ಕಡೆ ನೋಡಿದಳು. ಮನೆಯ ಗಂಡಸಾಗಿ ನಾನು ಹೊರಗೆ ಹೋಗಬೇಕು ಎಂಬುದು ನನಗೂ ಗೊತ್ತಿತ್ತು.

ಆದರೆ ಮಗಳು ಆಗಲೇ ಹೋಗಿದ್ದಳು. ಅಂಗಳದಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಆಯಿ, ಇದು ನಮ್ಮನಿ. ನಿಮ್ಮನಿ ಮುಂದ ಹಾಕ್ಕೋ ಹೋಗು."

ಮುದುಕಿ ಎಚ್ಚರವಾದವಳಂತೆ ತಲೆ ಎತ್ತಿದಳು. ಹುಡುಗಿಯನ್ನು ನೋಡಿದಳು, ಬಾಗಿಲು ನೋಡಿದಳು, ತನ್ನ ಕೈ ನೋಡಿಕೊಂಡಳು. "ಅಯ್ಯ, ಮತ್ತ ಇಲ್ಲೇ ಬಂದೇನಿ" ಎಂದಳು.

ನಾವೆಲ್ಲ ಹೊರಗೆ ಬಂದೆವು. ಆಕೆ ನಾಚಿಕೊಂಡು ಹೇಳಿದಳು: "ನಮ್ಮ ಹರೇದಿಂದ ಈ ಮನ್ಯಾಗ ಬಾಡಿಗಿ ಇದ್ವಿರಿ. ಈಗ ಹಿಂದಿನ ಓಣ್ಯಾಗ ಸ್ವಂತ ಮನಿ ಆಗೈತಿ. ಆದ್ರ ಎದ್ದ ಕೂಡಲೆ ಕಾಲು ಇತ್ತಾಗ ಬರ್ತಾವ. ರಂಗೋಲಿ ಮುಗಿದ ಮ್ಯಾಲ ನೆಪ್ಪ ಆಗತೈತಿ."

"ಮತ್ತ ನಿಮ್ಮನಿ ಅಂಗಳಕ್ಕ?" ಎಂದಳು ಹೆಂಡತಿ.

"ಅಲ್ಲಿ ಸೊಸಿ ಹಾಕ್ತಾಳವಾ. ಅದು ಅಕಿ ಮನಿ."

ಹೆಂಡತಿ ಮಗಳ ಮುಂದೆ ಕೂತು, "ಆಗ ಏನಂದಿ ನೀ? ಇನ್ನೊಮ್ಮೆ ಅನ್ನು" ಎಂದಳು. "ನಮ್ಮನಿ" ಎಂದಳು ಮಗಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಹೆಂಡತಿ ಎದ್ದು ಹೋಗಿ ಬಾಗಿಲ ಪಕ್ಕದ ಚೀಲವನ್ನು ಒಳಗಿನ ಕೋಣೆಗೆ ಒಯ್ದು ಬಿಚ್ಚಿ ಬಂದಳು. ಬರುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮುದುಕಿ ಗೇಟಿನ ಹತ್ತಿರ ಹೋಗಿ ತಿರುಗಿದಳು. "ಇನ್ನ ನಾ ಬರಂಗಿಲ್ಲ ಬಿಡ್ರಿ. ನೀವು ರಂಗೋಲಿ ಅಷ್ಟ ಹಾಕ್ಕೊಂಡ್ರ ಆತು. ಕಸಾ ಹೊಡದು ನೀರು ಹಾಕೂದನ್ನ ಹೆಂಗೂ ದಿನಾ ನೀವ ಮಾಡಿರತೀರಲ್ಲ. ನಾ ಬರೂದ್ರಾಗ ಅಂಗಳಾ ಹಸೀನ ಇರತೈತಿ. ಇವತ್ತೂ ಇತ್ತು ನೋಡ್ರಿ."

ಆಕೆ ಹೋದಳು. ನಾವು ನೆಲ ನೋಡಿದೆವು. ಅಂಗಳ ಮೂಲೆಯಿಂದ ಮೂಲೆಗೆ ಹಸಿಯಾಗಿತ್ತು. ಕಸಬರಿಗೆಯ ಗೀರುಗಳು ಸಾಲಾಗಿ ಮೂಡಿದ್ದವು. ಹೆಂಡತಿ ಆ ಮನೆಗೆ ಬಂದ ಮೇಲೆ ಒಮ್ಮೆಯೂ ಅಂಗಳದ ಕಸ ಹೊಡೆದಿರಲಿಲ್ಲ. ಅವ್ವನಿಗೆ ಬಗ್ಗಲು ಬರುವುದಿಲ್ಲ. ನನ್ನ ವಿಷಯ ಹೇಳುವುದೇ ಬೇಡ. ಎಲ್ಲರೂ ಕತ್ತಲಿದ್ದಾಗಿನಿಂದ ಕಿಟಕಿಯ ಹಿಂದೆ ಒಟ್ಟಿಗೆ ನಿಂತಿದ್ದೆವು.

ಮಗಳಿಗೆ ಮಾತ್ರ ಆಗಲೇ ಧೈರ್ಯ ಬಂದಿತ್ತು. ಅಂಗಳದ ಮೂಲೆಯಲ್ಲಿದ್ದ ಬಾವಿಯ ಕಡೆಯ ಕತ್ತಲೆಗೆ ಮುಖ ಮಾಡಿ, ಮತ್ತೆ ಸೊಂಟಕ್ಕೆ ಕೈ ಇಟ್ಟು, ಉಸಿರು ತುಂಬಿಕೊಂಡು, "ಕೇಳ್ರಿ ಇಲ್ಲೆ, ಇದು ನಮ್ಮ..." ಎಂದು ಶುರು ಮಾಡಿದಳು.

ಹೆಂಡತಿ ಓಡಿ ಹೋಗಿ ಅವಳ ಬಾಯಿ ಮುಚ್ಚಿದಳು.

"ಸುಮ್ಕಿರ. ಅವರಿಗೆ ಏನೂ ಅನಬ್ಯಾಡ. ಅವರು ಇರ್ಲಿ."