ತುಂಬಿದ ಕೋವಿಗೆ ಅರ್ಧ ಟಿಕೆಟ್

ನನ್ನ ಸೋದರಮಾವನ ಕೋವಿಯಿಂದ ಈವರೆಗೆ ಸತ್ತದ್ದು ಒಂದೇ: ನಮ್ಮ ನಿದ್ದೆ! ಬಜಗೋಳಿಯ ಅವರ ತೋಟಕ್ಕೆ ಬರುವ ಹಂದಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ.

ಅದು ಕೇಪಿನ ಕೋವಿ, ಮಾವನ ಅಪ್ಪನ ಕಾಲದ್ದು. ಮದ್ದು, ಸೀಸದ ಚರೆ ಎಲ್ಲವನ್ನೂ ನಳಿಗೆಯ ಬಾಯಿಯಿಂದಲೇ ಹಾಕಿ ಸರಳಿನಿಂದ ಜಡಿಯಬೇಕು. ಹಿಂದೆ ಕಿಡಿ ಹಾರಿಸುವ ಪುಟ್ಟ ಕೇಪು ಸಿಕ್ಕಿಸಿ ಹೊಡೆದರೆ ಢಂ! ತುಂಬಿದ ಮೇಲೆ ಖಾಲಿ ಮಾಡಲು ಮಾವನಿಗೆ ಗೊತ್ತಿರುವ ದಾರಿ ಹೊಡೆಯುವುದೊಂದೇ. ಹಂದಿ ಹೇಳಿ ಬರುತ್ತದೆಯೇ? ಹಾಗಾಗಿ ಮಾವ ಮೊದಲೇ ತುಂಬಿ, ಕೇಪು ಮಾತ್ರ ತೆಗೆದಿಟ್ಟು, ಕೋವಿಯನ್ನು ಮಂಚಕ್ಕೆ ಒರಗಿಸಿ ಮಲಗುತ್ತಾರೆ. ಅತ್ತೆ ಬೇರೆ ಕೋಣೆ ಹಿಡಿದು ವರ್ಷಗಳಾದವು.

ಚುನಾವಣೆ ಬಂತೆಂದರೆ ಲೈಸನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ಈ ಸಲ ಕೊನೆಯ ದಿನ ಸಂಜೆ ಐದರೊಳಗೆ ಕೊಡದಿದ್ದರೆ ಲೈಸನ್ಸ್ ರದ್ದು ಎಂದು ನೋಟಿಸು ಬಂದಿತ್ತು. ಮಾವನಿಗೆ ನೆನಪಾದದ್ದು ಅದೇ ದಿನ ಬೆಳಿಗ್ಗೆ! ಮಣಿಪಾಲದಿಂದ ರಜೆಯಲ್ಲಿ ಬಂದಿದ್ದ ನಾನು ಕಾಗದಪತ್ರ ಹಿಡಿದು ಜೊತೆಗೆ ಹೊರಟೆ. ಕೋವಿ ಚಾಪೆ ಸುತ್ತಿಕೊಂಡು ಬಸ್ಸು ಹತ್ತಿತು.

“ಎಂತ ಮಾರಾಯ್ರೆ ಅದು?” ಕಂಡಕ್ಟರ್ ಕೇಳಿದ.

“ಕೋವಿ.”

“ಹಾಗಾದ್ರೆ ಅದಕ್ಕೆ ಅರ್ಧ ಟಿಕೆಟ್ ಆಗ್ತದೆ!”

ಎಲ್ಲರೂ ನಗುತ್ತಿದ್ದಾಗ ಮಾವ ನನ್ನ ಕಡೆ ಬಾಗಿ, “ತುಂಬಿದ್ದುಂಟು. ಹೆಚ್ಚು ಅಲುಗಾಡಬೇಡ” ಎಂದರು. ಕಾರ್ಕಳ ಮುಟ್ಟುವವರೆಗೆ ನಾನು ಉಸಿರನ್ನೂ ಮೆಲ್ಲಗೆ ಬಿಟ್ಟೆ.

ಠಾಣೆಯಲ್ಲಿದ್ದ ಪೊಲೀಸರು ರಿಜಿಸ್ಟರು ತೆರೆದು, “ಲೋಡ್ ಏನಾದ್ರೂ ಉಂಟಾ?” ಎಂದರು.

“ಉಂಟು. ಹೋದ ತಿಂಗಳದ್ದು.”

ಪೊಲೀಸರು ಕುರ್ಚಿ ಸಮೇತ ಹಿಂದೆ ಸರಿದರು. “ಖಾಲಿ ಮಾಡಿ ತನ್ನಿ. ಇಲ್ಲಿ ಅಲ್ಲ ಮಾರಾಯ್ರೆ, ಮನೆಯಲ್ಲಿ!”

ಮತ್ತೆ ಬಸ್ಸು, ಮತ್ತೆ ಬಜಗೋಳಿ. ಮನೆಯಲ್ಲಿದ್ದದ್ದು ನಾಲ್ಕೇ ಕೇಪು. ಮಾವ ತೋಟದಂಚಿನ ಮಣ್ಣಿನ ದರೆಗೆ ಗುರಿಯಿಟ್ಟರು. ಕೇಪು ‘ಟಪ್’ ಎಂದಿತು, ಢಂ ಬರಲಿಲ್ಲ. ಮದ್ದು ಥಂಡಿ ಹಿಡಿದಿತ್ತು. ಎರಡನೆಯದೂ ಟಪ್. ಮಾವ ಕೋವಿಯನ್ನು ಅತ್ತೆಯ ಹಲಸಿನ ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಹಾಕಿದರು!

“ಅದರ ಬಾಯಿ ಆಚೆ ತಿರುಗಿಸಿ ಮಾರಾಯ್ರೆ, ನನ್ನ ಹಪ್ಪಳ!” ಅತ್ತೆ ಒಳಗಿನಿಂದಲೇ ಕೂಗಿದರು. ಒಂದು ಲಾಭವಾಯಿತು ನೋಡಿ: ಆ ಮಧ್ಯಾಹ್ನ ಒಂದೇ ಒಂದು ಕಾಗೆ ಹತ್ತಿರ ಬರಲಿಲ್ಲ.

ಮೂರನೆಯ ಕೇಪೂ ಟಪ್. ಗಂಟೆ ನಾಲ್ಕಾಗುತ್ತಿತ್ತು.

“ಇದೂ ಹೋದರೆ?” ಎಂದೆ.

“ಲೈಸನ್ಸ್ ಹೋಯ್ತು. ಕೋವಿಯೂ ಹೋಯ್ತು. ಅಪ್ಪನದ್ದು ಅಂತ ನನ್ನ ಹತ್ತಿರ ಬೇರೆ ಎಂತ ಉಂಟು?” ಕೊನೆಯ ಕೇಪು ಸಿಕ್ಕಿಸಿ, “ನೀನು ಬಾವಿಯ ಆಚೆ ಹೋಗು” ಎಂದರು.

ಹೋದೆ; ಓಡಿದೆ ಎಂದರೂ ತಪ್ಪಿಲ್ಲ. ಅಲ್ಲಿಂದ ನೋಡಿದರೆ ಮಾವ ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲನ್ನು ಕಿವಿಯವರೆಗೆ ಏರಿಸಿ ನಿಂತಿದ್ದರು.

“ಮಾವ, ಹೆದರಿಕೆ ಆಗ್ತದಾ?”

“ಪ್ರತಿ ಸಲ ಆಗ್ತದೆ. ಆ ಶಬ್ದ ನನಗೆ ಆಗುವುದೇ ಇಲ್ಲ. ಅತ್ತೆಗೆ ಹೇಳಬೇಡ.”

ಎರಡೂ ಕೈ ಕೋವಿಗೆ ಬೇಕು. ಕಿವಿ ಮುಚ್ಚಲು ಇನ್ನೆರಡು ಕೈ ಎಲ್ಲಿಂದ ತರುವುದು? ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ನಾನು ಯಾರನ್ನೂ ಸುಲಭವಾಗಿ ಮುಟ್ಟುವವಳಲ್ಲ. ಬಾವಿಯ ಆಚೆಯಿಂದ ಬಂದು, ಅವರ ಬೆನ್ನ ಹಿಂದೆ ನಿಂತು, ಎರಡೂ ಅಂಗೈಗಳಿಂದ ಅವರ ಕಿವಿ ಮುಚ್ಚಿದೆ.

ಢಂ!

ದರೆಯ ಮಣ್ಣು ಉದುರಿತು. ಹೊಗೆಯ ನಡುವಿನಿಂದ ಮಾವನ ದನಿ ಕೇಳಿತು: “ಹೋಯ್ತಲ್ಲ! ಇನ್ನು ಕೈ ತೆಗಿ ಮಾರಾಯ್ತಿ, ಬಸ್ಸು ತಪ್ತದೆ.”

ತೆಗೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.