ಇಂಜಿನ್ನಿಗೆ ಬಂದ ವಸಡು

ಯಜಮಾನರಿಗೆ ತಮ್ಮ ಮಾವನವರ ಮೇಲೆ ಇದ್ದದ್ದು ಒಂದೇ ದೂರು. ಮಗಳನ್ನು ಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳದ ಆ ಮಹಾನುಭಾವರು, ಕಾರು ಕೊಡುವಾಗ ಮಾತ್ರ ಪರೀಕ್ಷೆ ಇಟ್ಟಿದ್ದರು. ಬಹುಕಾಲದಿಂದ ಕೆಟ್ಟು ಕೂತಿದ್ದ ತಮ್ಮ ಗುಂಡುಮೂತಿಯ ಹಳೇ ಕಾರನ್ನು ಅಳಿಯನ ಷೆಡ್ಡಿಗೆ ತಳ್ಳಿಸಿ, ‘ಭಾನುವಾರ ಬರ್ತೀನಿ. ಇಂಜಿನ್ ಹೊತ್ಕೊಂಡ್ರೆ ಕಾರು ನಿಮ್ಮದು, ಇಲ್ದಿದ್ರೆ ಗುಜರಿಯವನದು’ ಎಂದುಬಿಟ್ಟಿದ್ದರು. ಹೊರಡುವಾಗ ಮಗಳ ಹತ್ತಿರ, ‘ಸೋರೋ ನಲ್ಲಿ ನಿಲ್ಸೋಕೆ ಬರಲ್ಲ, ಇಂಜಿನ್ ಬಿಚ್ತಾರಂತೆ!’ ಎಂದದ್ದೂ ಯಜಮಾನರ ಕಿವಿಗೆ ಬಿದ್ದಿತ್ತು. (ಬೀಳಲಿ ಎಂದೇ ಗಟ್ಟಿಯಾಗಿ ಅಂದಿದ್ದರು.)

ಶನಿವಾರದ ಹೊತ್ತಿಗೆ ಇಂಜಿನ್ ಬಹುಮಟ್ಟಿಗೆ ಜೋಡಣೆಯಾಗಿತ್ತು. ಉಳಿದದ್ದು ಒಂದೇ ಗಂಡಾಂತರ. ಪಿಸ್ಟನ್ ಮೇಲಕ್ಕೆ ಬರುತ್ತದೆ, ವಾಲ್ವು ಕೆಳಕ್ಕೆ ಇಳಿಯುತ್ತದೆ. ಎದುರುಬದುರಾದಾಗ ಇಬ್ಬರ ನಡುವೆ ಸ್ವಲ್ಪವಾದರೂ ಸಂದು ಇರಲೇಬೇಕು. (ಸಂಸಾರದಲ್ಲೂ ಹಾಗೇ, ಆದರೆ ಅದನ್ನು ಅಳೆಯುವ ಉಪಕರಣ ಇನ್ನೂ ಬಂದಿಲ್ಲ.) ಸಂದು ಸಾಲದಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಢಣ್! ಲೇತ್ ಅಂಗಡಿಯವನು ಇಂಜಿನ್ನಿನ ಮುಚ್ಚಳವಾದ ಹೆಡ್ಡನ್ನು ಸಮ ಮಾಡುವ ಭರದಲ್ಲಿ ಧಾರಾಳವಾಗಿಯೇ ಹೆರೆದು, ಇದ್ದ ಸಂದನ್ನೂ ಕಿರಿದು ಮಾಡಿದ್ದ. ಉಪಾಯ ಹೇಳಿದವನೂ ಅವನೇ: ಪಿಸ್ಟನ್ನಿನ ತಲೆಗೆ ಮಕ್ಕಳಾಡುವ ಮೆತ್ತನೆಯ ಜೇಡಿ ಮೆತ್ತಿ, ಹೆಡ್ ಮುಚ್ಚಿ, ಕೈಯಿಂದ ಇಂಜಿನ್ ತಿರುಗಿಸಿ, ಮತ್ತೆ ಬಿಚ್ಚಿ ನೋಡಬೇಕು. ವಾಲ್ವು ಒತ್ತಿದ ಜಾಗದಲ್ಲಿ ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದು.

ಎಲ್ಲ ಸರಿ, ಜೇಡಿ ಇರಲಿಲ್ಲ. ಅಂಗಡಿಗೆ ಹೋಗೋಣವೆಂದರೆ ಮೊಣಕೈವರೆಗೆ ಗ್ರೀಸು. ಯಜಮಾನರ ದೃಷ್ಟಿ ಷೆಡ್ಡಿನ ಪಕ್ಕದ ಕೋಣೆಗೆ ಹರಿಯಿತು. ಅದು ಶ್ರೀಮತಿಯವರ ಕಾರ್ಯಾಗಾರ. ಹಲ್ಲಿನ ಡಾಕ್ಟರುಗಳಿಗೆಲ್ಲ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು ಆಕೆಯ ಕಸುಬು. ಆಕೆ ಫೋನು ಬಂತೆಂದು ಒಳಗೆ ಹೋಗಿದ್ದರು. ಮೇಜಿನ ಮೇಲೆ ಬಟ್ಟಲು, ಬಟ್ಟಲಲ್ಲಿ ಗುಲಾಬಿ ಬಣ್ಣದ, ಬೆಣ್ಣೆಯಂಥ ಮುದ್ದೆ!

‘ಬಣ್ಣ ಯಾವುದಾದ್ರೇನು, ಮೆತ್ತಗಿದ್ರೆ ಸಾಕು’ ಎಂದುಕೊಂಡ ಯಜಮಾನರು ನಾಲ್ಕೂ ಪಿಸ್ಟನ್ನಿಗೆ ಉದಾರವಾಗಿ ಮೆತ್ತಿದರು. ಮುದ್ದೆ ಯಾಕೋ ಬೆಚ್ಚಗಿತ್ತು, ಮೂಗಿಗೆ ಅಡರುವ ವಾಸನೆ ಬೇರೆ. ಹೆಡ್ ಮುಚ್ಚಿ, ಬೋಲ್ಟು ಬಿಗಿದು, ಇಂಜಿನ್ ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಅರ್ಧ ಕಾರು ಗೆದ್ದಂತಾಯಿತು. ವಿಜಯೋತ್ಸವಕ್ಕೆಂದು ಅಡುಗೆಮನೆಯಿಂದ ಕಾಫಿ ತಂದು, ಷೆಡ್ಡಿನ ಬಾಗಿಲಲ್ಲಿ ಕಾಲು ಚಾಚಿ ಕೂತು ಗುಟುಕರಿಸಿದರು.

‘ರೀ, ಇಲ್ಲಿದ್ದ ಬಟ್ಟಲೆಲ್ಲಿ?’ ಪಕ್ಕದ ಕೋಣೆಯಿಂದ ಶ್ರೀಮತಿಯವರ ಕೂಗು ಬಂತು.

‘ಯಾವ ಬಟ್ಟಲು?’

‘ಗುಲಾಬಿ ಬಣ್ಣದ್ದು ಕಲ್ಸಿಟ್ಟಿದ್ನಲ್ಲ! ಅಪ್ಪನ ಸೆಟ್ ಬಿರುಕು ಬಿಟ್ಟಿದೆ, ರಿಪೇರಿಗೆ ಕೊಟ್ಟಿದ್ದಾರೆ. ಅದನ್ನ ಕಲ್ಸೋ ಪುಡಿ ಇದ್ದದ್ದೇ ಅಷ್ಟು. ಅದು ನಮ್ಮಪ್ಪನ ವಸಡು ಕಣ್ರೀ!’

‘ಅದು... ಗಟ್ಟಿಯಾಗುತ್ತಾ?’

‘ಆಗ್ದೆ ಮತ್ತೆ? ಒಂದು ಲೋಟ ಕಾಫಿ ಕುಡಿಯೋದ್ರಲ್ಲಿ ಕಲ್ಲಾಗುತ್ತೆ. ಯಾಕೆ?’

ಯಜಮಾನರು ತಮ್ಮ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದರು.

ಓಡಿಹೋಗಿ ಹೆಡ್ ಬಿಚ್ಚಿದರು. ನಾಲ್ಕು ಪಿಸ್ಟನ್ನಿಗೂ ಫಳಫಳ ಹೊಳೆಯುವ ವಸಡು! ಅಂಚಿನ ಸಂದಿಗೂ ಇಳಿದು ಕಚ್ಚಿಕೊಂಡಿದ್ದರಿಂದ ಇಂಜಿನ್ ಒಂದು ಕೂದಲೆಳೆಯಷ್ಟೂ ಅಲುಗಲೊಲ್ಲದು. ಗುಜರಿಯವನ ತಕ್ಕಡಿ ಕಣ್ಣ ಮುಂದೆ ತೂಗಾಡಿತು. ಯಜಮಾನರಿಗೆ ಅಳುವೇ ಬಂತು.

‘ನಮ್ಮಪ್ಪಂಗೆ ಹಲ್ಲಿಲ್ಲ, ನಿಮ್ಮ ಕಾರಿಗೆ ವಸಡು ಬಂತು. ಸರೀರಿ, ಪಕ್ಕಕ್ಕೆ’ ಎಂದು ಶ್ರೀಮತಿಯವರು ಹಲ್ಲು ಕೊರೆಯುವ ಪುಟ್ಟ ಯಂತ್ರ ತಂದು ಇಂಜಿನ್ನಿನ ಮೇಲೆ ಬಗ್ಗಿದರು.

‘ಮೆಲ್ಲಗೆ ಕಣೇ, ಗೀರಾಗುತ್ತೆ!’

‘ದೀಪ ಅಲ್ಲಾಡಿಸ್ದೆ ಹಿಡ್ಕೊಳ್ಳಿ. ಬಾಯಿ ತೆರೆದ್ಕೊಂಡು ಇದೇ ಸುಮ್ನಿದೆ, ನಿಮ್ದೇನು ಗಲಾಟೆ?’

ಅಂಚೆಲ್ಲ ಬಿಡಿಸಿ ಮೆಲ್ಲಗೆ ತಟ್ಟಿದ ಮೇಲೆ ಒಂದೊಂದೇ ವಸಡು ಇಡಿಯಾಗಿ ಎದ್ದುಬಂತು. ವಾಲ್ವಿನ ಗುರುತು ಅದರಲ್ಲಿ ಅಚ್ಚೊತ್ತಿದಂತಿತ್ತು. ಶ್ರೀಮತಿಯವರೇ ದಪ್ಪ ಅಳೆದು ಹೇಳಿದರು. ಯಜಮಾನರು ಕಾರಿನ ಜೊತೆ ಬಂದಿದ್ದ ಕೈಪಿಡಿಯೊಂದಿಗೆ ತಾಳೆ ನೋಡಿದರು: ಸಂದು ಬೇಕಾದಷ್ಟಿತ್ತು. ಹೋದ ಜೀವ ಬಂದಂತಾಯಿತು.

ಭಾನುವಾರ ಬೆಳಿಗ್ಗೆ ಬೊಚ್ಚುಬಾಯಿಯ ಮಾವನವರು ಬಂದರು. ಯಜಮಾನರು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಗೊಣಗಿತು, ಕಡೆಗೆ ಗುರ್ರೆಂದು ಹೊತ್ತಿಕೊಂಡಿತು. ಎದೆಯುಬ್ಬಿಸಿ ಕೆಳಗಿಳಿದು ನೋಡಿದರೆ, ಅಷ್ಟರಲ್ಲಿ ಶ್ರೀಮತಿಯವರು ತಂದೆಗೆ ಶನಿವಾರದ ಕಥೆಯನ್ನೆಲ್ಲ ಅಭಿನಯ ಸಮೇತ ಒಪ್ಪಿಸಿ ಮುಗಿಸಿದ್ದರು. ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಕೂತ್ಕೋ ಮಗಳೇ, ನೀನೇ ಓಡ್ಸು. ಕಾರು ನಿಂದು’ ಎಂದು ತಾವು ಪಕ್ಕದಲ್ಲಿ ಕೂತರು.

‘ಮಾವ! ನನಗೆ ಅಂದಿದ್ರಿ!’

‘ಅಂದಿದ್ದೆ ಅಳಿಯಂದಿರೇ. ಆದ್ರೆ ಕೊಲ್ಲೋಕೆ ಹೋದವರು ನೀವು, ಉಳಿಸಿದವಳು ಇವಳು.’

ಯಜಮಾನರು ಸಪ್ಪಗೆ ಹಿಂದಿನ ಬಾಗಿಲಿಗೆ ಕೈ ಹಾಕಿದರು.

‘ನೀವೆಲ್ಲಿಗೆ?’ ಮಾವನವರು ಕಿಟಕಿಯಿಂದ ತಲೆ ಹೊರಹಾಕಿದರು. ‘ನಾವೊಂದು ಸುತ್ತು ಹೋಗ್ಬರ್ತೀವಿ. ಹೊಸ ಪುಡಿ ಬರೋವರೆಗೂ ನನಗೆ ಗಂಜೀನೇ ಗತಿ. ಅದನ್ನ ಮಾಡಿಡಿ. ಒಲೆ ಮುಂದೇನೇ ನಿಂತು ಕೈಯಾಡಿಸ್ತಾ ಇರಿ ಅಳಿಯಂದಿರೇ, ಅದನ್ನೂ ಗಟ್ಟಿಯಾಗೋಕೆ ಬಿಟ್ಟೀರಿ!’