ಪನ್ನೀರಿಗೊಂದು ಪಾತ್ರೆ

ಏನೂ ಗೊತ್ತಿಲ್ಲದ ವಿಷಯದಲ್ಲಿ ಮನುಷ್ಯ ಅಷ್ಟಾಗಿ ಕೆಡುವುದಿಲ್ಲ, ಗೊತ್ತಿದ್ದವರನ್ನು ಕೇಳುತ್ತಾನೆ. ಅರ್ಧ ಗೊತ್ತಿರುವ ವಿಷಯದಲ್ಲೇ ಅವನು ಮುಳುಗುವುದು. ನನ್ನ ಪಾಲಿಗೆ ಆ ಅರ್ಧ ವಿಷಯ ಮೆಟಲರ್ಜಿ. ಮೈಸೂರಿನಲ್ಲಿ ಬೆಳೆದ ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಲೋಹಗಳ ಬಗ್ಗೆ ಓದಿದೆ. ಆಮೇಲೆ ಕಾಲು ಶತಮಾನ ಸಾಫ್ಟ್‌ವೇರಿನಲ್ಲಿ ಕಳೆದೆ. ಈ ಅವಧಿಯಲ್ಲಿ ನಾನು ಕೈಯಿಂದ ಮುಟ್ಟಿದ ಲೋಹವೆಂದರೆ ಕಾರಿನ ಬಾಗಿಲು ಮತ್ತು ಊಟದ ಚಮಚ. ಆದರೂ ಅಮೆರಿಕದ ಸ್ಯಾನ್ ರಮೋನಿನ ನಮ್ಮ ಮನೆಗೆ ಬಂದವರು ಯಾವುದಾದರೂ ಪಾತ್ರೆಯನ್ನು ಚೆನ್ನಾಗಿದೆ ಎಂದರೆ ಸಾಕು, ಸ್ಟೀಲಿನಲ್ಲಿ ಮುನ್ನೂರ ನಾಲ್ಕು, ಮುನ್ನೂರ ಹದಿನಾರು ಎಂದು ಎರಡು ಜಾತಿಯಿರುವುದನ್ನೂ ಅವುಗಳ ಗುಣಾವಗುಣಗಳನ್ನೂ ವಿವರಿಸತೊಡಗುತ್ತೇನೆ. ಉಪನ್ಯಾಸ ಶುರುವಾದೊಡನೆ ನನ್ನ ಹೆಂಡತಿ ಸುಧಾ ಕಾಫಿ ಮಾಡಲು ಏಳುತ್ತಾಳೆ. ನಮ್ಮ ಮನೆಯಲ್ಲಿ ಅತಿಥಿಗಳಿಗೆ ಎರಡೆರಡು ಸಲ ಕಾಫಿ ಸಿಗುವುದರ ಗುಟ್ಟು ಇಷ್ಟೇ.

ಹೀಗಿರುವಾಗ ಮಗಳು ಮೇಘನಾಳ ಸೀಮಂತ ಬಂತು. ಬಂದವರಿಗೆ ಬಾಗಿಲಲ್ಲಿ ಪನ್ನೀರು ಚಿಮುಕಿಸಬೇಕು, ಇಂಡಿಯನ್ ಗ್ರೋಸರಿಯಿಂದ ಎರಡು ಬಾಟಲಿ ತನ್ನಿ ಎಂದು ಸುಧಾ ಪಟ್ಟಿ ಕೊಟ್ಟಳು. ಹಿತ್ತಿಲಲ್ಲಿ ನಾನೇ ಬೆಳೆಸಿದ ಗುಲಾಬಿ ಗಿಡಗಳು ತುಂಬಿ ನಿಂತಿದ್ದವು. “ಹುಟ್ಟೋ ಮಗುಗೆ ಅಂಗಡಿ ಪನ್ನೀರಾ? ನಾನೇ ಮಾಡ್ತೀನಿ,” ಎಂದೆ. ಪನ್ನೀರು ಮಾಡುವುದು ಬ್ರಹ್ಮವಿದ್ಯೆಯಲ್ಲ. ಎಸಳುಗಳನ್ನು ನೀರಿನಲ್ಲಿ ಕುದಿಸಿ, ಉಗಿಯನ್ನು ಹಿಡಿದು ತಣಿಸಿದರೆ ಆಯಿತು. ಕುದಿಸುವುದು ಯಾವುದರಲ್ಲಿ, ಹಿಡಿಯುವುದು ಯಾವುದರಿಂದ ಎನ್ನುವುದೊಂದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹೇಳಲು ಈ ಊರಿನ ಸುತ್ತಮುತ್ತ ನನಗಿಂತ ಯೋಗ್ಯರು ಯಾರಿದ್ದಾರೆ?

ಮೊದಲ ಪ್ರಯೋಗಕ್ಕೆ ಸುಧಾಳ ಕುಕ್ಕರನ್ನು ಕೇಳಿದೆ. “ಅದನ್ನ ಮುಟ್ಟಿ ನೋಡಿ!” ಎಂದಳು. ಅಲ್ಯೂಮಿನಿಯಂ ಹೇಗೂ ಇದಕ್ಕೆ ತಕ್ಕದ್ದಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು, ಒಂದು ಹಳೆಯ ಸ್ಟೀಲ್ ಕೆಟಲಿನ ಮೂತಿಗೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೈಪನ್ನು ಸಿಕ್ಕಿಸಿದೆ. ಉಗಿಯ ಬಿಸಿಗೆ ಪೈಪು ಮೆತ್ತಗಾಗಿ ಸೊಂಡಿಲಿನಂತೆ ಜೋತುಬಿತ್ತು. ಅದರ ತುದಿಯಿಂದ ತೊಟ್ಟಿಕ್ಕಿದ ನೀರಿಗೆ ಆಗಷ್ಟೇ ಶೋರೂಮಿನಿಂದ ಹೊರಬಂದ ಕಾರಿನ ವಾಸನೆಯಿತ್ತು. ಸೀಮಂತಕ್ಕೆ ಬಂದವರ ಮೇಲೆ ಇದನ್ನು ಚಿಮುಕಿಸಿದರೆ ಎಲ್ಲರೂ ಸೀಟ್ ಬೆಲ್ಟ್ ಹುಡುಕುತ್ತಾರೆ ಎಂದಳು ಸುಧಾ. ಸಿಂಕಿಗೆ ಚೆಲ್ಲಿದೆ.

ಆ ಶನಿವಾರವೇ ಬರ್ಕ್ಲಿಯಲ್ಲಿ ಮನೆಯ ಹಳೇ ಸಾಮಾನು ಮಾರುವ ಒಂದು ಗರಾಜ್ ಸೇಲಿನಲ್ಲಿ ಅದು ಕಣ್ಣಿಗೆ ಬಿತ್ತು: ಅರ್ಕ ಇಳಿಸುವ ತಾಮ್ರದ ಭಟ್ಟಿ. ದುಂಡು ಹೊಟ್ಟೆ, ಈರುಳ್ಳಿಯಾಕಾರದ ತಲೆ, ಹಂಸದ ಕತ್ತಿನಂತೆ ಬಾಗಿದ ಕೊಳವೆ. ಬೆರಳಿನಿಂದ ತಟ್ಟಿದೆ, ಗಂಟೆಯಂಥ ನಾದ ಬಂತು. ಮಾರುತ್ತಿದ್ದ ಮುದುಕಿಗೆ ತಾಮ್ರದ ಶುದ್ಧತೆ, ತಗಡಿನ ದಪ್ಪ, ಶಾಖ ಹರಿಯುವ ವೇಗ ಎಲ್ಲವನ್ನೂ ನಾನೇ ವಿವರಿಸಿದೆ. ಆಕೆ ಪಾಪ, ಇದು ತಮ್ಮ ಮನೆಯಲ್ಲಿ ಬಹಳ ವರ್ಷ ಚಳಿ ಕಾಯಿಸುವ ಒಲೆಗೂಡಿನ ಮೇಲೆ ಅಲಂಕಾರಕ್ಕೆ ಇತ್ತು ಎಂದಷ್ಟೇ ಹೇಳಿದಳು. ಅಲಂಕಾರಕ್ಕೆ ಎಂಬ ಮಾತು ನನ್ನ ಕಿವಿಗೆ ಬಿದ್ದಿತು, ಒಳಗೆ ಇಳಿಯಲಿಲ್ಲ. ಅದನ್ನು ಕಾರಿನಿಂದ ಇಳಿಸುವಾಗ ಪಕ್ಕದ ಮನೆಯ ಅಮೆರಿಕನ್ ಕಣ್ಣು ಮಿಟುಕಿಸಿ, ಯಾರಿಗೂ ಹೇಳುವುದಿಲ್ಲ, ತನಗೂ ಒಂದು ಬಾಟಲಿ ಎತ್ತಿಡು ಎಂದ. ಮನೆಯಲ್ಲಿ ಸಾರಾಯಿ ಕಾಯಿಸುವುದು ಇಲ್ಲಿ ಕಾನೂನಿಗೆ ವಿರುದ್ಧ, ಇದು ಬರಿಯ ಗುಲಾಬಿ ನೀರು ಎಂದು ಎಷ್ಟು ಹೇಳಿದರೂ ಆತ ನಗುತ್ತಲೇ ಇದ್ದ.

ಪನ್ನೀರು ಅದ್ಭುತವಾಗಿ ಬಂತು. ಮನೆಯೆಲ್ಲ ಘಮಘಮ. ಹನ್ನೊಂದು ಪುಟ್ಟ ಗಾಜಿನ ಬಾಟಲಿಗಳಲ್ಲಿ ತುಂಬಿಸಿ, ಸೀಮಂತಕ್ಕೆಂದು ನಾಲ್ಕನ್ನು ಉಳಿಸಿಕೊಂಡು, ಮಿಕ್ಕವನ್ನು ಕಂಡಕಂಡವರಿಗೆ ಹಂಚಿದೆ. ಮೊದಲನೆಯದು ಬರ್ಕ್ಲಿ ಬೆಟ್ಟದಾಚೆಗಿನ ಮನೆಯಲ್ಲಿರುವ ಮೇಘನಾಳಿಗೆ. ಅವಳಿಗೆ ಆಗ ಏಳನೇ ತಿಂಗಳು, ಬಾಯಿಗೆ ಏನೂ ಸೇರುತ್ತಿರಲಿಲ್ಲ. “ನಿಂಬೆ ಪಾನಕಕ್ಕೆ ಒಂದು ಚಮಚ ಹಾಕ್ಕೊಂಡು ಕುಡಿ ಪುಟ್ಟಾ, ಹೊಟ್ಟೆಗೆ ತಂಪು,” ಎಂದು ಕೊಟ್ಟುಬಂದೆ. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಇಮ್ತಿಯಾಜ್‌ಗೆ ಇನ್ನೊಂದು. ಅವನು ವಿಜಯಪುರದವನು, ಅವನ ತಾಯಿ ಮೆಹರುನ್ನಿಸಾ ಅವರು ಅವನ ಜೊತೆಗೇ ಇದ್ದಾರೆ.

ಮುಂದಿನ ಶನಿವಾರ ಬೆಳಿಗ್ಗೆ ಆ ತಾಯಿಯೇ ವಿಡಿಯೋ ಕಾಲ್ ಮಾಡಿದರು. “ತಮ್ಮಾ, ವಾಸನಿ ಭಾಳ ಛಂದ ಅದ. ಬಾಯಾಗ ಹಾಕ್ಕೊಳ್ಳೂಕಿಂತ ಮೊದಲ ನಿನ್ನ ಪಾತ್ರಿ ತೋರಸು, ನೋಡೂಣು,” ಎಂದರು. ನಾನು ಫೋನನ್ನು ಭಟ್ಟಿಯ ಸುತ್ತ ಆರತಿ ಎತ್ತಿದಂತೆ ಸುತ್ತಿಸಿದೆ.

“ನಿಲ್ಲು ನಿಲ್ಲು. ಕೊಳವಿ ಕೂಡಿಸ್ಯಾರಲ್ಲ, ಅಲ್ಲೆ ಬೆಳ್ಳಗ ಕಾಣ್ತದ. ಅದೇನದು?”

“ಅದು ಬೆಸುಗೆ ಅಮ್ಮಾ. ಎರಡು ಲೋಹ ಸೇರಿಸಬೇಕಾದರೆ...”

“ಬೆಸಿಗಿ ಅಂತ ನನಗೂ ಗೊತ್ತದ. ಯಾತರ ಬೆಸಿಗಿ ಅಂತ ಕೇಳಾಕತ್ತೀನಿ.”

ನಾನು ಫೋನನ್ನು ಬೆಸುಗೆಯ ಇನ್ನಷ್ಟು ಹತ್ತಿರಕ್ಕೆ ಒಯ್ದೆ. ಅವರೇ ಹೇಳಿದರು: “ನಮ್ಮಪ್ಪ ಊರೂರು ತಿರುಗಿ ಪಾತ್ರಿಗೆ ಕಲಾಯಿ ಹಾಕ್ತಿದ್ದ. ಸೀಸದ ಬೆಸಿಗಿ ಇದ್ದ ಪಾತ್ರಿ ಬಂದ್ರ, ಇದು ಅಡಗಿಗೆ ಬ್ಯಾಡ ಅಂತ ತಿರುಗಿ ಕಳಸ್ತಿದ್ದ. ಒಂದ್ ಬಿಳಿ ಕಾಗದ ತಗೊಂಡು ಅದರ ಮ್ಯಾಲ ತಿಕ್ಕು. ಪೆನ್ಸಿಲ್ ಗೀರಿನಂಗ ಮೂಡಿದ್ರ ಸೀಸ ಅಂತ ತಿಳ್ಕೋ.”

ತಿಕ್ಕಿದೆ. ಕಾಗದದ ಮೇಲೆ ಬೂದು ಬಣ್ಣದ ಗೀರು ಎದ್ದು ಬಂತು. ನಂಬದೆ ಹಾರ್ಡ್‌ವೇರ್ ಅಂಗಡಿಗೆ ಓಡಿ ಸೀಸ ಪತ್ತೆಹಚ್ಚುವ ಕಡ್ಡಿ ತಂದು ಒತ್ತಿದೆ. ಕಡ್ಡಿಯ ತುದಿ ಕುಂಕುಮ ಅದ್ದಿದಂತೆ ಕೆಂಪಾಯಿತು. ಬಿಸಿ ಉಗಿಯೆಲ್ಲ ಹನಿಯಾಗಿ ಆ ಬೆಸುಗೆಯ ಮೇಲೆಯೇ ಹರಿದು ಬಾಟಲಿಗೆ ಇಳಿದಿತ್ತು. ಸೀಸ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆ ಎಂದು ತಿಳಿಯಲು ಮೆಟಲರ್ಜಿ ಬೇಕಾಗಿಲ್ಲ.

ಮೇಘನಾಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಸುಧಾ ನನಗಿಂತ ಮೊದಲೇ ಬಂದು ಕಾರಿನಲ್ಲಿ ಕುಳಿತಳು. ಅವಳು ಬೈಯುತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ೬೮೦ರ ಫ್ರೀವೇಯಲ್ಲಿ ಜೋರಾಗಿ ಓಡಿಸುವವರ ಎಡಗಡೆಯ ಲೇನಿಗೆ ಎಂದೂ ಹೋಗದ ನಾನು ಅಂದು ಅಲ್ಲಿಂದ ಇಳಿಯಲೇ ಇಲ್ಲ. ಬರ್ಕ್ಲಿ ಬೆಟ್ಟದ ಸುರಂಗ ದಾಟುವವರೆಗೆ ಸುಧಾ ಒಂದೇ ಮಾತು ಆಡಿದ್ದು: “ದಿನಾ ಕುಡೀತಿದಾಳೋ ಏನೋ.”

ಬಾಗಿಲು ತೆಗೆದ ಮೇಘನಾಳ ತಲೆಗೆ ಟವೆಲ್ ಸುತ್ತಿತ್ತು. ಸ್ನಾನಕ್ಕೆ ಹೋಗಿದ್ದಳಂತೆ. “ಆ ಪನ್ನೀರು ಕುಡಿದೆಯಾ?” ಎಂದು ಮೆಟ್ಟಿಲ ಮೇಲಿಂದಲೇ ಕೂಗಿದೆ.

“ಅಪ್ಪಾ, ರಿಲ್ಯಾಕ್ಸ್. ಐ ಡಿಡಂಟ್ ಓಪನ್ ಇಟ್,” ಎಂದಳು.

ಸುಧಾ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಜೀವ ಸ್ವಸ್ಥಾನಕ್ಕೆ ಬಂದಮೇಲೆ ಮನುಷ್ಯನ ಬುದ್ಧಿ ನೋಡಿ, ಅದು ನೇರವಾಗಿ ಅವಮಾನದ ಕಡೆಗೆ ತಿರುಗಿತು. “ಯಾಕೆ ಓಪನ್ ಮಾಡಲಿಲ್ಲ?” ಎಂದು ಕೇಳಿದೆ.

“ಬಿಕಾಸ್ ಯು ಸ್ಪ್ರೇಡ್ ದೋಸ್ ರೋಸಸ್, ಅಪ್ಪಾ.”

ನಿಜ. ಮಾರ್ಚಿನಲ್ಲಿ ಗಿಡಗಳಿಗೆ ಹೇನು ಬಿದ್ದಾಗ ನಾನೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಔಷಧಿ ಹೊಡೆದಿದ್ದೆ. ಆವತ್ತು ಹಿತ್ತಿಲಿಗೆ ಬಂದ ಮಗಳನ್ನು ದೂರದಿಂದಲೇ ತಡೆದು, ಹತ್ತಿರ ಬರಬೇಡ, ಮಗುವಿಗೆ ಒಳ್ಳೆಯದಲ್ಲ ಎಂದು ಗದರಿದವನೂ ನಾನೇ. ಕುದಿಸುವ ಪಾತ್ರೆ ಯಾವುದು, ಕೊಳವೆ ಯಾವುದು ಎಂದು ಎರಡು ವಾರ ತಲೆ ಕೆಡಿಸಿಕೊಂಡವನಿಗೆ, ಕುದಿಸುವ ಹೂವು ಎಂಥದು ಎಂಬ ಪ್ರಶ್ನೆ ಹೊಳೆದೇ ಇರಲಿಲ್ಲ. “ಕೊಟ್ಟ ದಿನವೇ ಹೇಳಬಾರದಿತ್ತೇನೇ?” ಎಂದೆ. “ಯು ವರ್ ಸೋ ಹ್ಯಾಪಿ,” ಎಂದಳು. ಅವಳು ಬಾಟಲಿಯನ್ನು ಕಿಟಕಿಯ ಬಳಿ, ಬಿಸಿಲು ಬೀಳುವ ಕಡೆ ಅಂದವಾಗಿ ಇಟ್ಟಿದ್ದಳು.

ಅಲ್ಲಿಂದಲೇ ಮಿಕ್ಕ ಐವರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಒಬ್ಬರು ಅದನ್ನು ಕಾರಿನಲ್ಲಿ ಸುವಾಸನೆಗೆ ಇಟ್ಟಿದ್ದರು. ಒಬ್ಬರು ಯಾರಿಗೋ ಉಡುಗೊರೆ ಕೊಡಲು ಎತ್ತಿಟ್ಟಿದ್ದರು. ಇನ್ನೊಬ್ಬರಿಗೆ ನಾನು ಕೊಟ್ಟದ್ದೇ ನೆನಪಿರಲಿಲ್ಲ. ಒಬ್ಬರೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಯಾರ ಆರೋಗ್ಯಕ್ಕೂ ಧಕ್ಕೆಯಾಗದ್ದಕ್ಕೆ ದೇವರಿಗೆ ಕೈ ಮುಗಿದೆ. ಹಾಗೆಯೇ ನನ್ನ ಕೈಗುಣದ ಮೇಲೆ ಸ್ನೇಹಿತರಿಗಿರುವ ಭರವಸೆ ಎಷ್ಟೆಂದೂ ಲೆಕ್ಕ ಸಿಕ್ಕಿತು.

ಸೀಮಂತದ ಹಿಂದಿನ ಭಾನುವಾರ ಮೆಹರುನ್ನಿಸಾ ಅಮ್ಮ ಮಗನ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಅವರ ಬಾಲ್ಕನಿಯ ಕುಂಡಗಳಲ್ಲಿ ಬೆಳೆದ ನಾಟಿ ಗುಲಾಬಿಯ ಎಸಳುಗಳು ಒಂದು ಚೀಲದಲ್ಲಿದ್ದವು. “ಅಕ್ಕಿ ತೊಳದ ನೀರು ಬಿಟ್ರ ಇದಕ್ಕ ಮತ್ತೇನೂ ಹಾಕಿಲ್ಲ,” ಎಂದರು. ಸುಧಾಳ ದೊಡ್ಡ ಸ್ಟೀಲ್ ಪಾತ್ರೆ ಕೇಳಿದರು. ನನಗೆ ಕುಕ್ಕರ್ ಕೊಡದವಳು ಮರುಮಾತಿಲ್ಲದೆ ಕೊಟ್ಟಳು. ಒಳಗೆ ನೀರು, ಎಸಳು, ನಡುವೆ ಒಂದು ಸ್ಟೀಲ್ ಸ್ಟ್ಯಾಂಡು, ಅದರ ಮೇಲೊಂದು ಸ್ಟೀಲ್ ಬಟ್ಟಲು. ಮುಚ್ಚಳವನ್ನು ಹಿಡಿ ಒಳಗೆ ಬರುವಂತೆ ತಲೆಕೆಳಗಾಗಿ ಇಟ್ಟು ಮೇಲೆ ಐಸು ಸುರಿದರೆ ಉಗಿ ತಣಿದು ನಟ್ಟನಡುವಿನ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಕೊಳವೆಯೇ ಇಲ್ಲ, ಬೆಸುಗೆಯೂ ಇಲ್ಲ. ಮುಚ್ಚಳದ ಹಿಡಿ ಕರಿ ಪ್ಲಾಸ್ಟಿಕ್ಕಿನದೆಂದು ಮೊದಲೇ ಕಂಡು, ಬೇರೆ ಮುಚ್ಚಳ ತರಿಸಿದರು. ಸಂದಿ ಮುಚ್ಚಲು ಎಂಥ ರಬ್ಬರ್ ಒಳ್ಳೆಯದು, ಸಿಲಿಕೋನ್ ಆದೀತೇ ಎಂದು ನಾನು ಶುರುಮಾಡಿದೆ. “ಚಪಾತಿ ಹಿಟ್ಟು ಕಲಸಿ ಸುತ್ತ ಮೆತ್ತು,” ಎಂದರು. “ಉಗಿ ಭಾಳ ಆದ್ರ ತಾನ ಬಿಟ್ಕೊಡ್ತದ. ಹೊಟ್ಟಿಗಿ ಹೋದ್ರೂ ಚಪಾತಿನೇ ಹೋಗ್ತದ.” ಸುಧಾ ಕಾಫಿ ಮಾಡಲು ಏಳಲಿಲ್ಲ, ಪಕ್ಕದಲ್ಲೇ ನಿಂತು ಕೇಳಿದಳು. ಹಿಟ್ಟು ಕಲಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದೇ ಒಂದು ಬಾಟಲಿಯಾಯಿತು. ಸೀಮಂತದ ದಿನ ಸುಧಾ ಬಾಗಿಲಲ್ಲಿ ನಿಂತು ಬೆಳ್ಳಿಯ ಪನ್ನೀರುದಾನಿಯಿಂದ ಎಲ್ಲರ ಮೇಲೂ ಎರಡೆರಡು ಹನಿ ಚಿಮುಕಿಸಿದಳು. ಮಧ್ಯಾಹ್ನ ಊಟ ಮುಗಿದು ಮಂದಿ ಕರಗಿದ ಮೇಲೆ ಮೇಘನಾ ಹಸಿರು ಬಳೆ ಸದ್ದು ಮಾಡುತ್ತ ಬಂದು, ಬಾಟಲಿಯ ತಳದಲ್ಲಿ ಉಳಿದಿದ್ದನ್ನು ತನ್ನ ನಿಂಬೆ ಪಾನಕದ ಲೋಟಕ್ಕೆ ಬಗ್ಗಿಸಿಕೊಂಡಳು. ನನ್ನನ್ನೊಮ್ಮೆ, ಮೆಹರುನ್ನಿಸಾ ಅಮ್ಮನನ್ನೊಮ್ಮೆ ನೋಡಿದಳು. ಅಮ್ಮ ತಲೆ ಆಡಿಸಿದರು. ನಾನೂ ಆಡಿಸಿದೆ, ಯಾರೂ ಗಮನಿಸಲಿಲ್ಲ. ಅವಳು ಕುಡಿದು ಮುಗಿಸಿದಳು.

“ಹೇಗಿದೆ ಪುಟ್ಟಾ?” ಎಂದೆ.

“ಸೋಪ್ ಥರ ಇದೆ, ಅಪ್ಪಾ,” ಎಂದಳು. ಅದೂ ಕನ್ನಡದಲ್ಲಿ.

ನಾನು ಯಾವ ವಿವರಣೆಯನ್ನೂ ಕೊಡದೆ, ಖಾಲಿ ಲೋಟವನ್ನು ಅವಳ ಕೈಯಿಂದ ಇಸಿದುಕೊಂಡು ತೊಳೆಯಲು ಹೋದೆ.